ಪ್ರೀಮಿಯಂ ಸೊನ್ನೆ, ಬಿಲ್ಲು ಯಾರದು?

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಊರ ಕಡೆಯಿಂದ ಕರೆಗಳು ಶುರುವಾಗುತ್ತವೆ. ಮಗನಿಗೆ ಅಮೆರಿಕದಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ, ಟಿಎ, ಅಂದರೆ ಪಾಠಕ್ಕೆ ಸಹಾಯ ಮಾಡುವ ಕೆಲಸವನ್ನೂ ಕೊಟ್ಟಿದ್ದಾರೆ, 15ನೇ ತಾರೀಖಿನೊಳಗೆ ಒಪ್ಪಿಗೆ ಹೇಳಬೇಕಂತೆ, ಫೀಸು ಮಾಫಿ, ಇನ್ಶೂರೆನ್ಸೂ ಫ್ರೀ ಅಂತೆ ಮೇಡಂ, ಹೌದಾ?

ಪ್ರೀಮಿಯಂ ಫ್ರೀ. ಚಿಕಿತ್ಸೆ ಫ್ರೀ ಅಲ್ಲ. ಇಷ್ಟನ್ನೇ ಹೇಳುತ್ತಾ ನನ್ನ ಅರ್ಧ ಆಯುಸ್ಸು ಕಳೆದಿದೆ.

ನನ್ನ ಕಸುಬು ಏನೆಂದರೆ, ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವ, ಲ್ಯಾಬಿನಲ್ಲಿ ದುಡಿಯುವ ಪಿಎಚ್‌ಡಿ ವಿದ್ಯಾರ್ಥಿಗಳ ಯೂನಿಯನ್ನುಗಳು ಆಡಳಿತದ ಜತೆ ಮಾತುಕತೆಗೆ ಕೂತಾಗ ಅವರ ಪರವಾಗಿ ವಿಮೆಯ ಕಾಗದ ಓದಿಕೊಡುವುದು. ನೂರು ಪುಟಕ್ಕೂ ಮೀರಿದ ಕಾಗದ ಅದು. ಕ್ವಾಂಟಮ್ ಮೆಕ್ಯಾನಿಕ್ಸ್ ಅರೆದು ಕುಡಿದ ಹುಡುಗರು ಅದರ ಮೂರನೇ ಪುಟ ದಾಟಿದ್ದನ್ನು ನಾನು ಕಂಡಿಲ್ಲ. ದೂರುತ್ತಿಲ್ಲ, ಅವರಿಗೆ ಬೇರೆ ಕೆಲಸವಿದೆ. ಆದರೆ ಓದದೆ ಸಹಿ ಹಾಕುತ್ತಾರಲ್ಲ, ಆಗ ಮಾತ್ರ ರೇಗುತ್ತದೆ.

ಹೋದ ಸಲ ಕರೆ ಮಾಡಿದವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಗೊತ್ತಿದ್ದ ವಿಮೆ ಎಂದರೆ ಇಎಸ್‌ಐ. ಸಂಬಳದಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ, ಮಾಲೀಕರು ಅದಕ್ಕಿಂತ ಹೆಚ್ಚು ಕಟ್ಟುತ್ತಾರೆ, ಡಿಸ್ಪೆನ್ಸರಿಗೆ ಹೋಗಿ ಕ್ಯೂ ನಿಂತರೆ ಮಾತ್ರೆ ಸಿಗುತ್ತದೆ. ಬಿಲ್ಲು ಅನ್ನುವುದೇ ಇಲ್ಲ. “ಅಲ್ಲೂ ಕಾರ್ಡ್ ಕೊಡ್ತಾರಂತಲ್ಲಮ್ಮ” ಎಂದರು. ಕೊಡುತ್ತಾರೆ ಸ್ವಾಮಿ. ಅದೇ ಕಾರ್ಡಿನ ಮೇಲೆ ಸಣ್ಣಕ್ಷರದಲ್ಲಿ ಡಿಡಕ್ಟಿಬಲ್ ಎಷ್ಟು, ಕೋಪೇ (ಪ್ರತಿ ಸಲ ಡಾಕ್ಟರ ಬಳಿ ಹೋದಾಗ ನೀವು ಕೊಡಬೇಕಾದ ಪಾಲು) ಎಷ್ಟು ಎಂದು ಬರೆದೂ ಇರುತ್ತಾರೆ.

ಮೆಡಿಕ್ಲೈಮ್ ಮಾಡಿಸಿದವರು ಇನ್ನೊಂದು ಬಗೆಯಲ್ಲಿ ಎಡವುತ್ತಾರೆ. ನಮ್ಮಲ್ಲಿ ಐದು ಲಕ್ಷದ ಪಾಲಿಸಿ ಎಂದರೆ ಸರಿಸುಮಾರು ಮೊದಲ ರೂಪಾಯಿಯಿಂದಲೇ ಕಂಪನಿ ಕೊಡುತ್ತಾ ಹೋಗುತ್ತದೆ, ಐದು ಲಕ್ಷ ದಾಟಿದ ಮೇಲೆ ನಮ್ಮ ಕೈಯಿಂದ ಹಾಕಬೇಕು. ರೂಮ್ ರೆಂಟಿನ ಕಿರಿಕಿರಿ ಬದಿಗಿಡಿ, ತತ್ವ ಇಷ್ಟೆ. ಅಮೆರಿಕದ್ದು ಇದರ ತಲೆಕೆಳಗು. ಮೊದಲ ಡಾಲರುಗಳು ನಿಮ್ಮವು, ಅದಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. ಅದು ಮುಗಿದ ಮೇಲೆ ಸ್ವಲ್ಪ ದೂರ ಇಬ್ಬರೂ ಪಾಲು ಹಾಕುತ್ತೀರಿ. ವರ್ಷದಲ್ಲಿ ನಿಮ್ಮ ಜೇಬಿನಿಂದ ಹೋಗುವುದಕ್ಕೆ ಒಂದು ಗರಿಷ್ಠ ಮಿತಿ ಇದೆ, ಅಲ್ಲಿಂದಾಚೆಗೆ ಎಲ್ಲವೂ ಕಂಪನಿಯದು. ಭಾರತದಲ್ಲಿ ಮಿತಿ ಕಂಪನಿಗೆ, ಅಮೆರಿಕದಲ್ಲಿ ಮಿತಿ ನಿಮಗೆ. 2010ರ ಆರೋಗ್ಯ ಕಾಯ್ದೆ ಬಂದ ಮೇಲೆ ಅತ್ಯಗತ್ಯ ಚಿಕಿತ್ಸೆಗಳಿಗೆ ಕಂಪನಿ ವರ್ಷಕ್ಕಿಷ್ಟೇ ಎಂದು ಗೆರೆ ಎಳೆಯುವ ಹಾಗಿಲ್ಲ. ದೊಡ್ಡ ಕಾಯಿಲೆ ಬಂದವರಿಗೆ ಇದು ನಿಜಕ್ಕೂ ವರ. ಕೈಮುರಿದುಕೊಂಡ ಹುಡುಗನಿಗೆ ಮಾತ್ರ ಹೊಡೆತ ಬೀಳುವುದು ಮೊದಲ ಡಾಲರುಗಳಲ್ಲೇ.

“ಮಿತಿ ಐದು ಸಾವಿರ ಡಾಲರ್ ಅಂತಿದೆ, ಅಷ್ಟರ ತನಕ ಅವರೇ ಕೊಡ್ತಾರೆ ಅಲ್ವಾ?” ಎಂದು ಹಾಸನದ ಹುಡುಗಿಯೊಬ್ಬಳು ಕೇಳಿದ್ದಳು. ಅಲ್ಲ ಕಣಮ್ಮಾ, ಅಷ್ಟರ ತನಕ ನೀನು.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅಪೆಂಡಿಕ್ಸ್ ಆಪರೇಷನ್ ಆಯಿತು, ನೆಟ್‌ವರ್ಕ್ ಆಸ್ಪತ್ರೆಯ, ಅಂದರೆ ವಿಮೆ ಕಂಪನಿಯ ಜತೆ ದರ ಮಾತಾಡಿಕೊಂಡ ಆಸ್ಪತ್ರೆಯ, ಒಪ್ಪಿತ ದರ 30,000 ಡಾಲರ್ ಎಂದಿಟ್ಟುಕೊಳ್ಳಿ. ನಿಮ್ಮ ಪ್ಲಾನಿನಲ್ಲಿ ಡಿಡಕ್ಟಿಬಲ್ 500, ಆಮೇಲೆ ನಿಮ್ಮ ಪಾಲು ನೂರಕ್ಕೆ 20, ವರ್ಷದ ಮಿತಿ 5,000. ಮೊದಲ 500 ನಿಮ್ಮದು. ಉಳಿದ 29,500ರಲ್ಲಿ ನಿಮ್ಮ ಪಾಲು 5,900. ಒಟ್ಟು 6,400 ಆಗಬೇಕಿತ್ತು, ಮಿತಿ ಇರುವುದರಿಂದ 5,000ಕ್ಕೆ ನಿಂತಿತು. ಮುಂದಿನ ವರ್ಷ ಆಡಳಿತ ಸದ್ದಿಲ್ಲದೆ ಡಿಡಕ್ಟಿಬಲ್ 1,000, ಮಿತಿ 8,000 ಮಾಡಿತು ಎನ್ನಿ. ಅದೇ ಆಪರೇಷನ್ನಿಗೆ ಮೊದಲ 1,000, ಉಳಿದ 29,000ರಲ್ಲಿ 5,800, ಒಟ್ಟು 6,800 ನಿಮ್ಮ ತಲೆಗೆ. ಎರಡೂ ವರ್ಷ ಪ್ರೀಮಿಯಂ ಸೊನ್ನೆ. ಎರಡೂ ವರ್ಷ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ “ಪ್ರೀಮಿಯಂ ನೂರಕ್ಕೆ ನೂರು ನಾವೇ ಭರಿಸುತ್ತೇವೆ” ಎಂಬ ಅದೇ ಸಾಲು. ಆ ಸಾಲಿನಲ್ಲಿ ಸುಳ್ಳೇನೂ ಇಲ್ಲ, ನೋಡಿ.

ಈಗ ಮಾತುಕತೆಯ ಕೋಣೆಗೆ ಬನ್ನಿ. ವಿಶ್ವವಿದ್ಯಾಲಯದ ಹೆಸರು ಬೇಡ. ಕಿಟಕಿಯಿಲ್ಲದ ಕೋಣೆ, ಈ ಕಡೆ ಎಂಟು ವಿದ್ಯಾರ್ಥಿಗಳು, ಆ ಕಡೆ ಆಡಳಿತದ ವಕೀಲರು, ನಡುವೆ ಬೆಳಗ್ಗೆಯಿಂದ ಒಣಗುತ್ತಿದ್ದ ಬೇಗಲ್ ತಟ್ಟೆ. ನಮ್ಮ ಹುಡುಗರ ಬೇಡಿಕೆ ದಪ್ಪಕ್ಷರದಲ್ಲಿತ್ತು: ಪ್ರೀಮಿಯಂ ಪೂರ್ತಿ ನೀವೇ ಕಟ್ಟಬೇಕು. ಅದುವರೆಗೆ ನೂರಕ್ಕೆ 80 ಕಟ್ಟುತ್ತಿದ್ದರು. ಊಟಕ್ಕೆ ಏಳುವ ಮೊದಲೇ ಆ ಕಡೆಯವರು ಆಗಲಿ ಎಂದುಬಿಟ್ಟರು. ಹುಡುಗರು ಮೇಜು ಕುಟ್ಟಿದರು. ನನಗೆ ಮಾತ್ರ ಹೊಟ್ಟೆಯೊಳಗೆ ಕಳವಳ. ಸಂಬಳದ ವಿಷಯಕ್ಕೆ ಐದು ತಿಂಗಳು ಎಳೆದಾಡಿದವರು ಇದನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುತ್ತಾರೆಯೇ?

ಕರಡು ಬಂತು. “ವಿಶ್ವವಿದ್ಯಾಲಯವು ಕಾಲಕಾಲಕ್ಕೆ ಒದಗಿಸುವ ವಿದ್ಯಾರ್ಥಿ ಆರೋಗ್ಯ ವಿಮೆಯ ಪ್ರೀಮಿಯಂ” ಎಂಬ ಅರ್ಥದ ಸಾಲು. ಕಾಲಕಾಲಕ್ಕೆ! ಇಡೀ ಒಪ್ಪಂದದಲ್ಲಿ ದುಡ್ಡು ಇರುವುದು ಆ ಒಂದು ಪದದಲ್ಲಿ. ಕಾಲಕಾಲಕ್ಕೆ ಎಂದರೆ ಈ ವರ್ಷ ಒಂದು ಪ್ಲಾನು, ಬರುವ ವರ್ಷ ಇನ್ನೊಂದು. ಪ್ಲಾನು ತೆಳ್ಳಗಾದಷ್ಟೂ ಅದರ ಪ್ರೀಮಿಯಂ ಕಡಿಮೆ, ಆ ಕಡಿಮೆ ಪ್ರೀಮಿಯಮ್ಮನ್ನು ಅವರು ಧಾರಾಳವಾಗಿ ಪೂರ್ತಿ ಕಟ್ಟುತ್ತಾರೆ. ಪೆನ್ನಿನಿಂದ ಸುತ್ತು ಹಾಕಿ ತೋರಿಸಿದೆ. ಸಮಿತಿಯಲ್ಲಿದ್ದ ದಾವಣಗೆರೆಯ ಹುಡುಗ “ಮೇಡಂ, ಇದು ಲಾಯರುಗಳ ಭಾಷೆ, ಬಿಡಿ. ಜನ ಸುಸ್ತಾಗಿದ್ದಾರೆ, ಮತಕ್ಕೆ ಹಾಕಿಬಿಡೋಣ” ಎಂದ. ಹಾಕಿದರು. ಪಾಸಾಯಿತು. ಅವನ ಮೇಲೆ ನನಗೆ ಸಿಟ್ಟಿಲ್ಲ. ವಾರಕ್ಕೆ 20 ಗಂಟೆ ಪಾಠ, ಉಳಿದ ಹೊತ್ತು ಲ್ಯಾಬು, ರಾತ್ರಿ ಯೂನಿಯನ್ನು. ಎಷ್ಟು ಎಂದು ಎಳೆಯುತ್ತದೆ ಒಂದು ಜೀವ?

ಮುಂದಿನ ಆಗಸ್ಟಿಗೆ ಡಿಡಕ್ಟಿಬಲ್ 250ರಿಂದ 750ಕ್ಕೆ ಏರಿತು. ಜನವರಿಯಲ್ಲಿ ಅದೇ ಹುಡುಗ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ. ನಮ್ಮ ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಎಡಗೈಯಲ್ಲೇ ಮೂರು ಲಕೋಟೆ ಹರಡಿದ. ಒಂದು ಆಸ್ಪತ್ರೆಯದು. ಇನ್ನೊಂದು ಎಕ್ಸ್‌ರೇ ನೋಡಿದ ವೈದ್ಯರದು, ಅವರ ಮುಖವನ್ನೇ ಇವನು ಕಂಡಿಲ್ಲ. ಮೂರನೆಯದು ಆಂಬ್ಯುಲೆನ್ಸಿನದು. ನೆಟ್‌ವರ್ಕಿನ ಹೊರಗಿನವರು ತುರ್ತು ಚಿಕಿತ್ಸೆಗೆ ಮನಸ್ಸಿಗೆ ಬಂದಂತೆ ಬಿಲ್ಲು ಹಾಕದಂತೆ 2022ರ ಜನವರಿಯಿಂದ ಫೆಡರಲ್ ಕಾನೂನಿನ ತಡೆ ಇದೆ. ಆದರೆ ರಸ್ತೆಯ ಮೇಲೆ ಓಡುವ ಆಂಬ್ಯುಲೆನ್ಸು ಆ ಕಾನೂನಿನ ಹೊರಗೆ. ಹೆಲಿಕಾಪ್ಟರ್ ಆಂಬ್ಯುಲೆನ್ಸ್ ಒಳಗೆ! ಕಾಫಿ ಕುಡಿಯುತ್ತಾ “ಮೇಡಂ, ಆ ಕಾಲಕಾಲಕ್ಕೆ...” ಎಂದು ಶುರುಮಾಡಿದ. ಚಕ್ಕುಲಿ ತಿನ್ನು ಎಂದೆ.

ಹಾಗಾದರೆ ಕೇಳಬೇಕಾದದ್ದೇನು? ಡಿಡಕ್ಟಿಬಲ್, ಕೋಪೇ, ವರ್ಷದ ಮಿತಿ ಈ ಮೂರರ ಅಂಕಿಗಳು ಒಪ್ಪಂದದ ಅನುಬಂಧದಲ್ಲಿರಬೇಕು, ಒಪ್ಪಂದ ಮುಗಿಯುವ ತನಕ ಯೂನಿಯನ್ ಒಪ್ಪದೆ ಅವು ಏರಬಾರದು. ಅದು ಸಿಗದಿದ್ದರೆ, ಒಂದು ಮಿತಿ ದಾಟಿದ ಖರ್ಚನ್ನು ತುಂಬಿಕೊಡುವ ನಿಧಿಯಾದರೂ ಬೇಕು. ಅದೂ ಇಲ್ಲದಿದ್ದರೆ “ಸಲಹಾ ಸಮಿತಿ” ಕೊಡುತ್ತಾರೆ. ಅಂಥ ಸಮಿತಿಗಳಲ್ಲಿ ನಾನು ಕೂತಿದ್ದೇನೆ. ಬಿಸ್ಕತ್ತು ಚೆನ್ನಾಗಿರುತ್ತದೆ.

ಕಾಗದದಲ್ಲಿ ಇಲ್ಲದ್ದಕ್ಕೆ ಏನು ಬೆಲೆ ಎಂಬುದಕ್ಕೆ ಮಿಸೌರಿ ವಿಶ್ವವಿದ್ಯಾಲಯದ ಕತೆ ಸಾಕು. 2015ರ ಆಗಸ್ಟ್ 14ರಂದು ಅಲ್ಲಿನ ಕೊಲಂಬಿಯಾ ಎಂಬ ಊರಿನ ಕ್ಯಾಂಪಸ್ಸಿನಲ್ಲಿ ಸ್ನಾತಕೋತ್ತರ ಓದುತ್ತಾ ದುಡಿಯುವ ವಿದ್ಯಾರ್ಥಿಗಳಿಗೆ ಒಂದು ಇಮೇಲ್ ಬಂತು: ನಿಮ್ಮ ವಿಮೆಗೆ ನಾವು ಕೊಡುತ್ತಿದ್ದ ಸಹಾಯಧನ ನಿಲ್ಲುತ್ತದೆ. ಇದ್ದ ವಿಮೆ ಮುಗಿಯಲು ಉಳಿದಿದ್ದುದು ಸುಮಾರು 13 ಗಂಟೆ. ಕಾರಣವಾಗಿ ತೆರಿಗೆ ಇಲಾಖೆಯ ಕಡೆ ಬೆರಳು ತೋರಿಸಿದರು. 2010ರ ಅದೇ ಆರೋಗ್ಯ ಕಾಯ್ದೆಯ ಆಗಿನ ನಿಯಮದಂತೆ, ನೌಕರ ತಾನಾಗಿ ಕೊಳ್ಳುವ ವೈಯಕ್ತಿಕ ಪಾಲಿಸಿಗೆ ಮಾಲೀಕ ದುಡ್ಡು ಕೊಡುವಂತಿರಲಿಲ್ಲ. ವಿದ್ಯಾರ್ಥಿ ವಿಮೆಯೂ ವೈಯಕ್ತಿಕ ಪಾಲಿಸಿಯ ಲೆಕ್ಕಕ್ಕೇ ಸೇರುತ್ತದೆ. ಮೀರಿದರೆ ಒಬ್ಬೊಬ್ಬ ನೌಕರನಿಗೆ ದಿನಕ್ಕೆ 100 ಡಾಲರ್, ವರ್ಷಕ್ಕೆ 36,500 ಡಾಲರ್ ದಂಡ. ಹೆದರಿಕೆ ಪೂರ್ತಿ ಸುಳ್ಳೆನ್ನಲಾರೆ, ನಿಯಮ ಇದ್ದದ್ದು ನಿಜ. ತಮಾಷೆ ಬೇರೆ ಕಡೆ ಇದೆ. ಯೂನಿಯನ್ ಕಟ್ಟುತ್ತೇವೆ ಎಂದಾಗಲೆಲ್ಲ ಈ ದೇಶದ ವಿಶ್ವವಿದ್ಯಾಲಯಗಳು ನೀವು ನೌಕರರಲ್ಲ, ವಿದ್ಯಾರ್ಥಿಗಳು ಎನ್ನುತ್ತಾ ಬಂದಿವೆ. ವಿಮೆ ಕಿತ್ತುಕೊಳ್ಳುವ ದಿನ ಮಾತ್ರ ಅವರು ನೌಕರರಾದರು. ಅಳಿಯ ಅಲ್ಲ, ಮಗಳ ಗಂಡ.

ವಿದ್ಯಾರ್ಥಿಗಳು ಬೀದಿಗಿಳಿಯುವುದಾಗಿ ಘೋಷಿಸಿದರು, ಒಂದೇ ವಾರದಲ್ಲಿ ಆಡಳಿತ ಹಿಂದೆ ಸರಿದು ಆ ವರ್ಷದ ಮಟ್ಟಿಗೆ ಸಹಾಯಧನ ಉಳಿಸಿತು. 2016ರ ಫೆಬ್ರವರಿಯಲ್ಲಿ ಫೆಡರಲ್ ಇಲಾಖೆಗಳು ಈ ನಿಯಮದಿಂದ ವಿದ್ಯಾರ್ಥಿ ವಿಮೆಗೆ ತಾತ್ಕಾಲಿಕ ವಿನಾಯಿತಿ ಕೊಟ್ಟವು. ಏಪ್ರಿಲ್‌ನಲ್ಲಿ ಮಿಸೌರಿಯ ವಿದ್ಯಾರ್ಥಿಗಳು ಯೂನಿಯನ್ ಪರವಾಗಿ ಭಾರಿ ಬಹುಮತದಿಂದ ಮತ ಹಾಕಿದರು, ವಿಶ್ವವಿದ್ಯಾಲಯ ಮಾನ್ಯ ಮಾಡಲಿಲ್ಲ. ಇಂಥವರು ಯೂನಿಯನ್ ಕಟ್ಟಬಹುದೇ ಎಂಬ ಪ್ರಶ್ನೆಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆಯಾ ರಾಜ್ಯದ ಕಾನೂನು. ಖಾಸಗಿಯವಕ್ಕೆ ಫೆಡರಲ್ ಕಾರ್ಮಿಕ ಮಂಡಳಿ, ಅದು 2016ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಇವರೂ ನೌಕರರೇ ಎಂದು ತೀರ್ಪು ಕೊಟ್ಟಿತು. ಇದೇ ಮಂಡಳಿ 2000ದಲ್ಲಿ ಹೌದು ಎಂದಿತ್ತು, 2004ರಲ್ಲಿ ಅಲ್ಲ ಎಂದಿತ್ತು. ಆದ್ದರಿಂದ ಇದನ್ನು ಕಲ್ಲಿನ ಮೇಲಿನ ಬರಹ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ.

ಮುಷ್ಕರ ಮಾಡಿದರೆ ವೀಸಾ ಹೋಗುತ್ತದೆಯೇ? ತಾಯಂದಿರು ಕೇಳುವ ಪ್ರಶ್ನೆ ಇದು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಯೂನಿಯನ್ ಸೇರುವುದಕ್ಕೆ ಅಡ್ಡಿಯಿಲ್ಲ, ವೀಸಾ ನಿಂತಿರುವುದು ಪೂರ್ಣಾವಧಿ ವಿದ್ಯಾರ್ಥಿಯಾಗಿ ದಾಖಲಾಗಿರುವುದರ ಮೇಲೆ. ಇದಕ್ಕಿಂತ ಮುಂದೆ ನಾನು ಬಾಯಿ ಬಿಡುವುದಿಲ್ಲ. ಅದು ವಲಸೆ ವಕೀಲರ ಕೆಲಸ, ಅದರಲ್ಲೂ ಈಗಿನ ದಿನಗಳಲ್ಲಿ ವಾಟ್ಸಾಪ್ ಗ್ರೂಪಿನ ಕೆಲಸವಂತೂ ಅಲ್ಲವೇ ಅಲ್ಲ. ಆದರೆ ಮುಷ್ಕರಕ್ಕೆ ವಿಮೆಯ ಬೆಲೆ ತೆರಬೇಕಾದೀತು ಎಂಬುದು ಗೊತ್ತಿರಲಿ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ 2023ರ ಜನವರಿ ಕೊನೆಗೆ ಮುಷ್ಕರ ಶುರುವಾದಾಗ, ಆಡಳಿತ ಮುಷ್ಕರನಿರತರ ಫೀಸು ಮಾಫಿಯನ್ನೂ ವಿಮೆಯ ಸಹಾಯಧನವನ್ನೂ ನಿಲ್ಲಿಸಿತು. ಆದರೂ ಅವರು ಬಗ್ಗಲಿಲ್ಲ, ಮೊದಲ ಒಪ್ಪಂದವನ್ನು ಭಾರಿ ಬಹುಮತದಿಂದ ತಿರಸ್ಕರಿಸಿ ಮಾರ್ಚ್ ತನಕ ನಿಂತರು. ಕೊನೆಗೆ ಸಿಕ್ಕಿದ್ದರಲ್ಲಿ ಅವಲಂಬಿತರ ಪ್ರೀಮಿಯಂನ ನಾಲ್ಕನೇ ಒಂದು ಪಾಲೂ ಇತ್ತು. ಕಾಲು ಭಾಗ ತಾನೇ ಎನ್ನಬೇಡಿ. ಎಫ್-2 ಎಂಬ ಅವಲಂಬಿತರ ವೀಸಾದಲ್ಲಿ ಬಂದ ಹೆಂಡತಿ ಇಲ್ಲಿ ಕೆಲಸ ಮಾಡುವಂತಿಲ್ಲ, ಅವಳ ವಿಮೆಯೂ ಮಗುವಿನ ವಿಮೆಯೂ ಒಬ್ಬನ ಸ್ಟೈಪೆಂಡಿನಿಂದಲೇ ಹೋಗಬೇಕು. ಅಮೆರಿಕದ ಹುಡುಗರು 26ರ ತನಕ ಅಪ್ಪ ಅಮ್ಮನ ಪಾಲಿಸಿಯಲ್ಲೇ ಇರಬಹುದು. ನಮ್ಮವರ ಅಪ್ಪ ಅಮ್ಮ ಇರುವುದು ಪೀಣ್ಯದಲ್ಲಿ.

ಹಲ್ಲಿನ ಮಾತು ಬೇರೆ. ದೊಡ್ಡವರ ಹಲ್ಲು ಈ ದೇಶದ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಅತ್ಯಗತ್ಯ ಭಾಗವಲ್ಲ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಸುಮಾರು 3,000 ವಿದ್ಯಾರ್ಥಿ ಕೆಲಸಗಾರರು 2021ರ ನವೆಂಬರ್‌ನಿಂದ ಹತ್ತು ವಾರಗಳ ಕಾಲ ಮುಷ್ಕರ ಹೂಡಿದಾಗ ಹಲ್ಲಿನ ವಿಮೆಯೂ ದೊಡ್ಡ ಬೇಡಿಕೆಯಾಗಿತ್ತು. ಪೇಪರು ಓದಿದ ನಮ್ಮೂರಿನವರೊಬ್ಬರು ಫೋನ್ ಮಾಡಿ ಹಲ್ಲಿಗೂ ಮುಷ್ಕರವಾ ಎಂದು ನಕ್ಕಿದ್ದರು. ರೂಟ್ ಕೆನಾಲಿಗೆ ಇಲ್ಲಿ ಎಷ್ಟು ಕೇಳುತ್ತಾರೆ ಎಂದು ಹೇಳಿದ ಮೇಲೆ ನಗು ನಿಂತಿತು.

ಪೀಣ್ಯದವರಿಗೂ ಇಷ್ಟನ್ನೆಲ್ಲ ಹೇಳಿದೆ. ಮಗನಿಗೆ ಬಂದಿದ್ದ ಆಫರ್ ಲೆಟರ್ ಕಳಿಸಿಕೊಟ್ಟರು, ಪ್ಲಾನಿನ ಕಾಗದ ತರಿಸಿಕೊಂಡು ನೋಡಿದೆ. ಪರವಾಗಿಲ್ಲ, ಡಿಡಕ್ಟಿಬಲ್ ಕಡಿಮೆಯೇ ಇದೆ, ಯೂನಿಯನ್ನೂ ಇದೆ, ಹೋಗಲಿ ಎಂದೆ. “ಹಲ್ಲಿಗೆ?” ಎಂದು ಕೇಳಿದರು. ಅವರು ಪಾಠ ಚೆನ್ನಾಗಿಯೇ ಕೇಳಿಸಿಕೊಂಡಿದ್ದರು. ಹೊರಡುವ ಮೊದಲು ಎಲ್ಲ ಹಲ್ಲು ತೋರಿಸಿಕೊಂಡು ಬರಲಿ, ಉಳಿದದ್ದು ರಜೆಗೆ ಊರಿಗೆ ಬಂದಾಗ ಎಂದೆ. ನಾನೂ ಹಲ್ಲು ಕಟ್ಟಿಸಿಕೊಳ್ಳುವುದು ಇವತ್ತಿಗೂ ತುಮಕೂರಿನಲ್ಲೇ.