ಹಳೆಯ ಪಿಕಪ್‌ಗೆ ಟೈಮಿಂಗ್ ಕೂರಿಸುವಾಗ ಕಾಡುವ ಎರಡು ‘ಟಾಪ್’ಗಳು

ಗುಬ್ಬಿ ತಾಲ್ಲೂಕಿನ ನಮ್ಮ ತೋಟದಿಂದ ತಿಪಟೂರಿನ ಮಾರುಕಟ್ಟೆಗೆ ಅಜ್ಜನವರು ಕೊಬ್ಬರಿ ಸಾಗಿಸುತ್ತಿದ್ದ ಮಹೀಂದ್ರ ಎಫ್‌ಸಿ 150 ಪಿಕಪ್ಪನ್ನು ಮನೆಯ ಕೊಟ್ಟಿಗೆಯಲ್ಲೇ ದುರಸ್ತಿ ಮಾಡುತ್ತಿದ್ದೇನೆ. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಪ್ಯಾಚ್ ಹಾಕಿದ್ದು, ಬ್ರೇಕಿನ ರಬ್ಬರ್ ಕಪ್‌ಗಳನ್ನು ಬದಲಿಸಿದ್ದು, ಪೆಟ್ರೋಲ್ ಟ್ಯಾಂಕನ್ನು ತೊಳೆದದ್ದು ಶ್ರಮದ ಕೆಲಸಗಳೇ ಹೊರತು ತಿಳಿಯದ ಕೆಲಸಗಳಲ್ಲ. ನನ್ನನ್ನು ಎರಡು ವಾರ ನಿಲ್ಲಿಸಿದ್ದು ಇಗ್ನಿಷನ್ ಟೈಮಿಂಗ್, ಅಂದರೆ ಸಿಲಿಂಡರಿನಲ್ಲಿ ಕಿಡಿ ಯಾವ ಕ್ಷಣಕ್ಕೆ ಬೀಳಬೇಕೆಂಬ ಹೊಂದಾಣಿಕೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಈ ಗಾಡಿಯಲ್ಲಿರುವುದು ನಾಲ್ಕು ಸಿಲಿಂಡರಿನ, ಸುಮಾರು 2.2 ಲೀಟರ್ ಗಾತ್ರದ ವಿಲ್ಲೀಸ್ ಹರಿಕೇನ್ ಪೆಟ್ರೋಲ್ ಎಂಜಿನ್. ಇದರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-3-4-2. ಪಾಯಿಂಟ್ (ತೆರೆದಾಗ ಕಿಡಿ ಹುಟ್ಟಿಸುವ ಸ್ವಿಚ್ಚು) ಗ್ಯಾಪ್ 0.020 ಇಂಚು, ಪ್ಲಗ್ ಗ್ಯಾಪ್ 0.030 ಇಂಚು, ಕಿಡಿ ಬೀಳಬೇಕಾದದ್ದು ಪಿಸ್ಟನ್ ಟಾಪ್ (ತನ್ನ ಓಡಾಟದ ಅತಿ ಮೇಲಿನ ತುದಿ) ತಲುಪುವುದಕ್ಕೆ 5 ಡಿಗ್ರಿ ಮೊದಲು. ಈ ಅಂಕಿಗಳನ್ನೆಲ್ಲ ಸರಿಯಾಗಿಯೇ ಇಟ್ಟಿದ್ದರೂ ಎಂಜಿನ್ ಹತ್ತಲಿಲ್ಲ. ಸ್ಟಾರ್ಟರ್ ತಿರುಗಿಸಿದಾಗಲೆಲ್ಲ ಕಾರ್ಬುರೇಟರಿನ ಬಾಯಿಂದ ಢಬ್ ಎಂದು ಹೊಡೆಯುತ್ತಿತ್ತು. ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ಕೇಳಿಸಿಕೊಂಡು, “ಟಾಪ್ ಇಟ್ಟಿದ್ದೀಯ, ಸರಿ. ಕಂಪ್ರೆಷನ್ ಟಾಪಾ, ಎಗ್ಸಾಸ್ಟ್ ಟಾಪಾ ನೋಡಿದೆಯೇನಪ್ಪ?” ಎಂದು ಕೇಳಿದರು. ಹಾಗೆ ಎರಡು ಇವೆಯೆಂಬುದನ್ನೇ ನಾನು ಯೋಚಿಸಿರಲಿಲ್ಲ.

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಕೆಲಸ ಪೂರ್ತಿಯಾಗಲು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟು) ಎರಡು ಸುತ್ತು ಬರಬೇಕು. ಆ ಎರಡು ಸುತ್ತುಗಳಲ್ಲಿ ಮೊದಲನೆಯ ಪಿಸ್ಟನ್ ಎರಡು ಸಲ ಮೇಲಕ್ಕೆ ಬರುತ್ತದೆ: ಒಮ್ಮೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿಕೊಂಡು (ಕಂಪ್ರೆಷನ್ ಟಾಪ್), ಇನ್ನೊಮ್ಮೆ ಸುಟ್ಟ ಹೊಗೆಯನ್ನು ಹೊರದಬ್ಬಿ (ಎಗ್ಸಾಸ್ಟ್ ಟಾಪ್). ಟೈಮಿಂಗ್ ಗುರುತು ಕ್ರ್ಯಾಂಕಿನ ಜೊತೆ ತಿರುಗುವುದರಿಂದ ಎರಡು ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಆದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಮತ್ತು ಅದರಿಂದ ನಡೆಯುವ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ (ಗ್ಯಾರೇಜುಗಳಲ್ಲಿ ಡೆಲ್ಕೊ ಎನ್ನುತ್ತಾರೆ) ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತವೆ. ಆದ್ದರಿಂದ ಗುರುತು ಎರಡನೆಯ ಸಲ ಬರುವ ಹೊತ್ತಿಗೆ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಮೊದಲನೆಯ ಪ್ಲಗ್ಗಿನ ವೈರನ್ನು ಬಿಟ್ಟು ನೇರ ಎದುರಿನ ನಾಲ್ಕನೆಯದರ ಕಡೆಗೆ ಮುಖ ಮಾಡಿರುತ್ತದೆ. ತಪ್ಪು ಟಾಪಿನಲ್ಲಿ ಕಿಡಿ ಕೊಟ್ಟರೆ, ಆಗಷ್ಟೇ ತೆರೆಯುತ್ತಿರುವ ಇಂಟೇಕ್ ವಾಲ್ವಿನ ಮೂಲಕ ಬೆಂಕಿ ಹಿಂದಕ್ಕೆ ನುಗ್ಗುತ್ತದೆ. ನಾನು ಕೇಳುತ್ತಿದ್ದ ಢಬ್ ಶಬ್ದ ಅದೇ.

ತಪ್ಪು ಎಲ್ಲಿ ಆಯಿತೆಂಬುದು ಆಮೇಲೆ ಹೊಳೆಯಿತು. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರಿನ ಶಾಫ್ಟು ಆಯಿಲ್ ಪಂಪಿನ ಶಾಫ್ಟಿಗೆ ಸಿಕ್ಕಿಕೊಂಡು ತಿರುಗುತ್ತದೆ, ಮತ್ತು ಅವೆರಡು ಸೇರುವ ಕಚ್ಚು ನಟ್ಟನಡುವೆ ಇರದೆ ಸ್ವಲ್ಪ ಬದಿಗೆ ಇರುವುದರಿಂದ ಡಿಸ್ಟ್ರಿಬ್ಯೂಟರ್ ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಹಾಗಾಗಿ ಡಿಸ್ಟ್ರಿಬ್ಯೂಟರನ್ನು ತಪ್ಪಾಗಿ ಕೂರಿಸಲು ಸಾಧ್ಯವೇ ಇಲ್ಲವೆಂದು ನಂಬಿದ್ದೆ. ಆದರೆ ನಾನು ಆಯಿಲ್ ಪಂಪನ್ನೂ ಬಿಚ್ಚಿದ್ದೆ, ಅದನ್ನು ಮರಳಿ ಕೂರಿಸಿದ್ದು ಎಗ್ಸಾಸ್ಟ್ ಟಾಪಿನಲ್ಲಿ.

ಸರಿಯಾದ ಟಾಪನ್ನು ಗುರುತಿಸಲು ಇಗ್ನಿಷನ್ ಆಫ್ ಮಾಡಿ, ನಾಲ್ಕೂ ಪ್ಲಗ್‌ಗಳನ್ನು ಬಿಚ್ಚಿ, ಗಾಡಿಯನ್ನು ಮೂರನೆಯ ಗೇರಿನಲ್ಲಿಟ್ಟು ತಮ್ಮನಿಂದ ನಿಧಾನವಾಗಿ ಮುಂದಕ್ಕೆ ತಳ್ಳಿಸಿದೆ. ಮೊದಲನೆಯ ಪ್ಲಗ್ಗಿನ ತೂತಿಗೆ ಒತ್ತಿಟ್ಟ ಹೆಬ್ಬೆರಳನ್ನು ಗಾಳಿ ಬಲವಾಗಿ ತಳ್ಳಿದರೆ ಮುಂದೆ ಬರುವುದು ಕಂಪ್ರೆಷನ್ ಟಾಪ್. ಮೇಲಿನ ಮುಚ್ಚಳ ತೆಗೆದು ವಾಲ್ವುಗಳನ್ನು ಒತ್ತುವ ರಾಕರ್ ನೋಡಿಯೂ ತಿಳಿಯಬಹುದು, ಆದರೆ ಹರಿಕೇನ್ ಎಂಜಿನ್ನಿನ ಹೆಡ್ಡಿನಲ್ಲಿರುವುದು ಇಂಟೇಕ್ ವಾಲ್ವುಗಳು ಮಾತ್ರ. ಎಗ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿವೆ. ಮೊದಲನೆಯ ಇಂಟೇಕ್ ವಾಲ್ವು ತೆರೆದು ಮುಚ್ಚಿದ ನಂತರ ಬರುವ ಟಾಪೇ ನಮಗೆ ಬೇಕಾದದ್ದು.

ತಪ್ಪು ರೋಟರಿನ ಸರಿಯಾಗಿ ಅರ್ಧ ಸುತ್ತಿನದಾಗಿದ್ದರೆ ಪಂಪನ್ನು ಮತ್ತೆ ಬಿಚ್ಚಬೇಕಾಗಿಲ್ಲ. ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಮೇಲೆ 1 ಮತ್ತು 4ರ ವೈರುಗಳನ್ನು ಪರಸ್ಪರ ಬದಲಿಸಿ, 2 ಮತ್ತು 3ರವನ್ನೂ ಹಾಗೆಯೇ ಬದಲಿಸಿದರೆ ಸಾಕು. ಇದು ನನಗೆ ಬಹಳ ಪ್ರಿಯವಾದ ಉಪಾಯ, ಏಕೆಂದರೆ ಇದು ಏಕೆ ಸರಿಹೋಗುತ್ತದೆಂದು ಯೋಚಿಸಿದಾಗಲೇ ಮೇಲಿನ ಲೆಕ್ಕವೆಲ್ಲ ನನ್ನ ತಲೆಯಲ್ಲಿ ನಿಂತಿತು. ರೋಟರ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ವೈರುಗಳನ್ನು 1-3-4-2 ಎಂದು ಜೋಡಿಸಬೇಕಾದದ್ದೂ ಅದೇ ದಿಕ್ಕಿನಲ್ಲಿ. ದಿಕ್ಕು ತಪ್ಪಿದರೆ 1 ಮತ್ತು 4 ಸರಿಯಾಗಿಯೇ ಉಳಿದು, 2 ಮತ್ತು 3 ಮಾತ್ರ ಅದಲುಬದಲಾಗುತ್ತವೆ. ಆಗ ಎಂಜಿನ್ ಎರಡೇ ಸಿಲಿಂಡರಿನಲ್ಲಿ ನಡುಗುತ್ತಾ ಓಡಬಹುದು, ನಾವು ಕಾರ್ಬುರೇಟರನ್ನು ದೂರುತ್ತಾ ಕೂರಬಹುದು.

ಉಳಿದದ್ದು ಸುಲಭ. ಗುರುತನ್ನು 5 ಡಿಗ್ರಿಗೆ ತಂದು, ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ವೈರಿಗೂ ಬಾಡಿಗೂ ನಡುವೆ ಬಲ್ಬು ಸೇರಿಸಿ, ಇಗ್ನಿಷನ್ ಆನ್ ಮಾಡಿ ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸಬೇಕು. ಬಲ್ಬು ಹೊತ್ತಿಕೊಂಡ ಕ್ಷಣವೇ ಪಾಯಿಂಟ್ ತೆರೆದ ಕ್ಷಣ, ಅಲ್ಲೇ ಬೋಲ್ಟ್ ಬಿಗಿಯಬೇಕು. ಪಾಯಿಂಟ್ ಗ್ಯಾಪನ್ನು ಮಾತ್ರ ಇದಕ್ಕೂ ಮೊದಲೇ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿ) ಸರಿಪಡಿಸಿರಬೇಕು, ಏಕೆಂದರೆ ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದುಕೊಂಡು, ಅಷ್ಟು ಜೋಪಾನವಾಗಿ ಕೂರಿಸಿದ ಟೈಮಿಂಗ್ ಮತ್ತೆ ಮುಂದಕ್ಕೆ ಸರಿಯುತ್ತದೆ.