ಮೊಸಳೆ ಹಿಡಿದು ದೂರ ಬಿಟ್ಟುಬಂದರೆ ಸಾಲದೇ?

ಪ್ರಶ್ನೆ: ಕೆಲವು ದೇಶಗಳಲ್ಲಿ ಮೊಸಳೆಗಳ ಸಂಖ್ಯೆ ವಿಪರೀತ ಏರಿದೆಯಂತೆ. ಕೊಲ್ಲುವ ಬದಲು ಹಿಡಿದು ಜನರಿಲ್ಲದ ಕಡೆ ಬಿಡಬಹುದಲ್ಲ?

ಬಿಡಬಹುದು, ಆದರೆ ಅದು ಅಲ್ಲೇ ಇರುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ ಉಪ್ಪುನೀರಿನ ಮೊಸಳೆಯ ಮೂರು ದೊಡ್ಡ ಗಂಡುಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ, ಹೆಲಿಕಾಪ್ಟರಿನಲ್ಲಿ ಒಯ್ದು ದೂರ ಬಿಟ್ಟು ನೋಡಿದರು. ಮೂರೂ ಹಳೆಯ ನದಿಗೇ ಮರಳಿದವು. ಒಂದನ್ನಂತೂ ಕೇಪ್ ಯಾರ್ಕ್ ಪರ್ಯಾಯ ದ್ವೀಪದ ಆಚೆ ಕರಾವಳಿಗೆ, ನೇರ ಅಳತೆಯಲ್ಲಿ 126 ಕಿಲೋಮೀಟರ್ ದೂರಕ್ಕೆ ಸಾಗಿಸಿದ್ದರು. ಕೆಲಕಾಲ ಅಲ್ಲೇ ಸುತ್ತಾಡಿದ ಅದು ಒಮ್ಮೆ ಹೊರಟದ್ದೇ ತಡ, ಭೂಶಿರವನ್ನು ಸುತ್ತುಹಾಕಿ 400 ಕಿಲೋಮೀಟರಿಗೂ ಹೆಚ್ಚು ಈಜಿ 20 ದಿನಗಳಲ್ಲಿ ಮನೆ ಸೇರಿತು. ದಾರಿಯಲ್ಲಿ ಸಿಗುವ ಊರುಗಳ ಪಾಲಿಗೆ ಅದು ಹೊಸ ಅಪಾಯ. ಅಮೆರಿಕದ ಫ್ಲಾರಿಡಾದಲ್ಲಿ 4 ಅಡಿಗಿಂತ ಉದ್ದದ ಉಪದ್ರವಿ ಅಲಿಗೇಟರನ್ನು (ಮೊಸಳೆಯ ಹತ್ತಿರದ ಬಂಧು) ಸಾಮಾನ್ಯವಾಗಿ ಬೇರೆಡೆ ಬಿಡದೆ ಕೊಲ್ಲುವುದಕ್ಕೂ ಇದೇ ಕಾರಣ.

ಇನ್ನೊಂದು ತೊಡಕು, ಖಾಲಿಯಾದ ಜಾಗದ್ದು. ಒಳ್ಳೆಯ ಮಡುವಿಗೆ ಒಬ್ಬ ಯಜಮಾನ ಗಂಡು ಇರುತ್ತಾನೆ. ಎರಡು ಮೂರು ಮೀಟರಿನ ಹರೆಯದ ಗಂಡುಗಳನ್ನು ಅವನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಊರ ಬಳಿಯ ಹಳ್ಳ, ದೋಣಿಕಟ್ಟೆಗಳಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುವವರಲ್ಲಿ ಈ ನೆಲೆ ಕಳೆದುಕೊಂಡವರೇ ಬಹಳ. ಯಜಮಾನನನ್ನು ಎತ್ತಿದರೆ ಅವರಲ್ಲೊಬ್ಬ ಬಂದು ಕೂರುತ್ತಾನೆ.

ಹಾಗಾದರೆ ಮಾಡುವುದೇನು? ಮೊದಲ ಕೆಲಸ ಎಣಿಕೆ. ಕತ್ತಲಾದ ಮೇಲೆ, ಇಳಿತದ ಹೊತ್ತಿನಲ್ಲಿ ಕೆಸರುದಂಡೆ ಬರಿದಾಗಿರುವಾಗ, ದೋಣಿಯಲ್ಲಿ ನಿಂತು ಸ್ಪಾಟ್‌ಲೈಟ್ ಬೀಸುತ್ತಾರೆ. ಕಣ್ಣಿನ ಹಿಂದಿನ ಪದರ ಬೆಳಕನ್ನು ಹಿಂದಿರುಗಿಸುವುದರಿಂದ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಹತ್ತಿರ ಹೋಗಿ ಉದ್ದ ಅಂದಾಜಿಸಬೇಕು. ಅಷ್ಟರಲ್ಲಿ ಮುಳುಗಿದರೆ 'ಕಣ್ಣು ಮಾತ್ರ' ಎಂದು ಬರೆದುಕೊಳ್ಳುತ್ತಾರೆ. ಹಿಡಿಯಲೆಂದು ಎಸೆದ ಈಟಿ ಒಮ್ಮೆ ತಾಗಿ ತಪ್ಪಿಸಿಕೊಂಡ ಮೊಸಳೆ ಮುಂದೆ ಬೆಳಕು ಕಂಡರೆ ಮುಳುಗುತ್ತದೆ. ಹೀಗಾಗಿ ಹಿಡಿಯುವ ಕೆಲಸ ಜೋರಾದ ನದಿಯಲ್ಲಿ ಲೆಕ್ಕ ಇಳಿದರೆ ಕೂಡಲೇ ಹಿಗ್ಗುವಂತಿಲ್ಲ.

ಎರಡನೆಯದು ಬೋನು. ಭರತ ಇಳಿತಗಳಿರುವ ನೀರಿನಲ್ಲಿ ತೇಲುವ ಬೋನೇ ಬೇಕು: ಅಲ್ಯೂಮಿನಿಯಂ ಚೌಕಟ್ಟು, ಜಾಲರಿ, ಎರಡೂ ಬದಿಗೆ ತೇಲುಗಳು. ಕಂಬಕ್ಕೆ ಬಿಗಿದ ಬೋನು ಭರತದಲ್ಲಿ ಪೂರ್ತಿ ಮುಳುಗಿದರೆ ಒಳಗಿನ ಮೊಸಳೆ ಉಸಿರುಗಟ್ಟಿ ಸಾಯುತ್ತದೆ, ಇಳಿತದಲ್ಲಿ ಒಣಗಿದರೆ ಬಿಸಿಲಿಗೆ ಬೇಯುತ್ತದೆ. ಮಾಂಸವನ್ನು ತೀರಾ ಹಿಂದಿನ ತುದಿಯಲ್ಲಿ ಕಟ್ಟಿ, ಅದರ ಹಗ್ಗವನ್ನು ಬಾಗಿಲ ಪಿನ್ನಿಗೆ ಸೇರಿಸುತ್ತಾರೆ. ಮೊಸಳೆ ಎಳೆದರೆ ಪಿನ್ನು ಕಳಚಿ ಬಾಗಿಲು ಬೀಳುತ್ತದೆ. ಮಾಂಸ ಮುಂದಿದ್ದರೆ ಬಾಲ ಇನ್ನೂ ಹೊರಗಿರುವಾಗಲೇ ಬಾಗಿಲು ಬೀಳುತ್ತದೆ. ಪಿನ್ನು ತೀರಾ ಸಡಿಲವಿದ್ದರೆ ಆಮೆ, ಮೀನುಗಳೇ ಬೋನು ಮುಚ್ಚಿಸಿಬಿಡುತ್ತವೆ. ಬೋನನ್ನು ದಿನಾ ನೋಡಲೇಬೇಕು.

ಹಿಡಿದ ಮೇಲಿನ ಅರ್ಧ ಗಂಟೆಯಲ್ಲೇ ತಪ್ಪುಗಳು ಆಗುವುದು. ಬಾಯಿ ಮುಚ್ಚುವ ಸ್ನಾಯುಗಳಿಗೆ ಭಯಂಕರ ಬಲ, ತೆರೆಯುವವಕ್ಕೆ ಏನೂ ಇಲ್ಲ. ಮೇಲ್ದವಡೆಗೆ ಹಗ್ಗ ಬಿಗಿದು ಗಟ್ಟಿ ಟೇಪನ್ನು ಕೆಲವು ಸುತ್ತು ಸುತ್ತಿದರೆ ಸಾಕು. ಮೂತಿಯ ತುದಿಯ ಮೂಗಿನ ಹೊಳ್ಳೆ ಮುಚ್ಚಬಾರದು. ಒದ್ದೆ ಬಟ್ಟೆಯಿಂದ ಕಣ್ಣು ಮುಚ್ಚಿದರೆ ಬಹುಪಾಲು ಸುಮ್ಮನಾಗುತ್ತದೆ. ಆದರೂ ತಲೆ ಪಕ್ಕಕ್ಕೆ ಬೀಸುವ ವೇಗವನ್ನು ನಂಬುವಂತಿಲ್ಲ. ಹೆಚ್ಚು ಹೊತ್ತು ಹೊರಳಾಡಿಸಿದರೆ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ನೋಡಲು ಗಾಯವೇ ಇಲ್ಲದ ಪ್ರಾಣಿ ಆಮೇಲೆ ಸಾಯಬಹುದು. ಗಾತ್ರ ದೊಡ್ಡದಾದಷ್ಟೂ ಈ ಭಯ ಹೆಚ್ಚು. ಹಾಗಾಗಿ ಸುಸ್ತಾಗಲಿ ಎಂದು ಕಾಯುವುದು ಜಾಣತನವಲ್ಲ.

ಮೊಟ್ಟೆ ತೆಗೆದರೆ ಸಂಖ್ಯೆ ತಗ್ಗುತ್ತದೆ ಎಂಬ ಎಣಿಕೆ ಹಲವರಿಗಿದೆ. ಒಂದು ಗೂಡಿನಲ್ಲಿ ಸುಮಾರು 50 ಮೊಟ್ಟೆ. ನೆರೆಗೆ ಕೊಳೆಯುವವು ಎಷ್ಟೋ. ಹೊರಬಂದ ಮರಿಗಳನ್ನು ಹಕ್ಕಿ, ಮೀನು, ದೊಡ್ಡ ಮೊಸಳೆಗಳು ತಿನ್ನುತ್ತವೆ. ಬೆಳೆದು ಗೂಡು ಕಟ್ಟುವ ವಯಸ್ಸಿಗೆ ಬರುವುದು ನೂರಕ್ಕೆ ಒಂದೂ ಇಲ್ಲ. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ 1980ರ ದಶಕದಿಂದ ಸಾಕಣೆಗಾಗಿ ಕಾಡುಗೂಡುಗಳ ಮೊಟ್ಟೆ ತೆಗೆಯುತ್ತಿದ್ದಾರೆ. ಆದರೂ 1971ರಲ್ಲಿ ಬೇಟೆ ನಿಷೇಧಿಸಿದಾಗ ಸುಮಾರು 3,000 ಇದ್ದವು ಈಗ ಲಕ್ಷದ ಆಸುಪಾಸಿಗೆ ಬಂದಿವೆ. ಮೊಟ್ಟೆಗೆ ಜಮೀನಿನವರ ಕೈಗೆ ಹಣ ಬರುತ್ತದೆ, ಹಣ ಬರುವ ಪ್ರಾಣಿಯನ್ನು ಸಹಿಸಿಕೊಳ್ಳುತ್ತಾರೆ. ಅದರ ನಿಜವಾದ ಲಾಭ ಇದು.

ಆದ್ದರಿಂದ ಇಡೀ ಪ್ರಾಂತ್ಯದ ಲೆಕ್ಕ ತಗ್ಗಿಸುವುದಕ್ಕಿಂತ ಜಾಗ ವಿಂಗಡಿಸುವುದು ಮೇಲು. ಜನ ಇಳಿಯುವ ನೀರಿನಲ್ಲಿ ಕಂಡ ಪ್ರತಿ ಮೊಸಳೆಯನ್ನೂ ತೆಗೆಯಬೇಕು; ಉಳಿದೆಡೆ ಅವುಗಳ ಪಾಡಿಗೆ ಬಿಡಬೇಕು. ತೆಗೆದ ಕಡೆಯೂ 'ಇಲ್ಲಿ ಮೊಸಳೆ ಇಲ್ಲ' ಎಂಬ ಫಲಕ ಹಾಕಬಾರದು, ನಿನ್ನೆ ರಾತ್ರಿಯ ಭರತದಲ್ಲಿ ಯಾರು ಬಂದರೋ! ನೀರಿನಂಚಿನಿಂದ ಕನಿಷ್ಠ 5 ಮೀಟರ್ ದೂರ, ದಿನವೂ ಅದೇ ಜಾಗದಲ್ಲಿ ಅದೇ ಹೊತ್ತಿಗೆ ನೀರಿಗೆ ಬಾಗದಿರುವುದು, ಮೀನಿನ ಕರುಳು ಎಸೆಯದಿರುವುದು ಇವೆಲ್ಲ ಸಣ್ಣ ಮಾತಲ್ಲ. ಮೀನು ಕೊಯ್ಯುವ ಕಟ್ಟೆಯನ್ನು ದಂಡೆಯಿಂದ ಮೇಲಕ್ಕೆ ಸರಿಸದೆ ಬೋನು ಇಟ್ಟವರು, ಸ್ವಲ್ಪ ದಿನಕ್ಕೇ ಅದೇ ಬೋನನ್ನು ಅಲ್ಲಿಗೇ ಮತ್ತೆ ಎಳೆದು ತರುತ್ತಾರೆ.