ಹೊಗೆಗೆ ತೂಗುಹಾಕಿದರೆ ಮೀನು ಕೆಡುವುದಿಲ್ಲವಲ್ಲ?

ಓದುಗರ ಪ್ರಶ್ನೆ: ಕೆನಡಾದ ಉತ್ತರ ತುದಿಯಲ್ಲಿ ಗ್ವಿಚಿನ್ ಜನ ಬೇಸಿಗೆಯ ಮೀನು ಶಿಬಿರಗಳಲ್ಲಿ ಮಕ್ಕಳಿಗೆ ದಿನಗಟ್ಟಲೆ ಮೀನು ಕೊಯ್ಯುವುದನ್ನು ಕಲಿಸುತ್ತಾರಂತೆ. ಹೊಗೆಗೆ ಹಾಕಿದರೆ ಮೀನು ತಾನಾಗಿ ಉಳಿಯುತ್ತದಲ್ಲ, ಅಷ್ಟೊಂದು ಕಲಿಯಲು ಏನಿದೆ?

ಹೊಗೆ ಮೀನನ್ನು ಉಳಿಸುವುದಿಲ್ಲ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮರಳಿ ಬರುವುದರಿಂದ ಈ ಸಲ ಬುಡದಿಂದ ಹೇಳುತ್ತೇನೆ.

ಮೀನು ಕೆಡುವುದು ಅದರೊಳಗಿನ ನೀರಿನಿಂದ. ಗ್ವಿಚಿನ್ ಜನ ಬಲೆ ಹಾಕುವ ಮೆಕೆಂಜಿ ನದಿಯ ವೈಟ್‌ಫಿಶ್ ಎಂಬ ಮೀನಿನ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಹೊಗೆಯಲ್ಲಿರುವ ಫೀನಾಲ್ ಎಂಬ ರಾಸಾಯನಿಕಗಳು ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ, ಆದರೆ ಮೇಲ್ಮೈಯಲ್ಲಿ ಮಾತ್ರ. ಒಂದು ಸೆಂಟಿಮೀಟರ್ ಆಳದ ಮಾಂಸಕ್ಕೆ ಅವುಗಳಿಂದ ರಕ್ಷಣೆಯಿಲ್ಲ. ಹೊಗೆಯ ದೊಡ್ಡ ಉಪಕಾರವೆಂದರೆ ನೊಣ ಮೊಟ್ಟೆಯಿಡದಂತೆ ಕಾಯುವುದು. ‘ಅಲ್ಲಿ ಚಳಿ ತಾನೆ’ ಎನ್ನಬೇಡಿ. ಆ ಭಾಗದ ಇನುವಿಕ್ ಪಟ್ಟಣದಲ್ಲಿ ಬೇಸಿಗೆಯ ಸುಮಾರು ಎಂಟು ವಾರ ಸೂರ್ಯ ಮುಳುಗುವುದೇ ಇಲ್ಲ, ಜುಲೈಯಲ್ಲಿ 25 ಡಿಗ್ರಿ ದಾಟುವ ದಿನಗಳೂ ಇವೆ. ಬಲೆಯಲ್ಲಿ ಮರೆತ ಮೀನು ಗಂಟೆಗಳಲ್ಲೇ ಮೆತ್ತಗಾಗುತ್ತದೆ.

ಉಳಿಸುವುದು ಒಣಗಿಸುವಿಕೆ, ಅದನ್ನು ಸಾಧ್ಯವಾಗಿಸುವುದು ಚಾಕು. ತಲೆ ತೆಗೆದು, ಬೆನ್ನಿನಿಂದ ಸೀಳಿ, ನಡುಮುಳ್ಳು ಬಿಡಿಸಿ, ಎರಡು ಹೋಳುಗಳನ್ನು ಬಾಲದಲ್ಲಿ ಕೂಡಿರುವಂತೆ ಬಿಡಬೇಕು. ಕೋಲಿಗೆ ನೇತುಹಾಕುವುದು ಅಲ್ಲಿಂದಲೇ. ಆಮೇಲೆ ಸೆಂಟಿಮೀಟರಿಗೊಂದರಂತೆ ಓರೆ ಗೀರುಗಳು. ಗೀರು ಚರ್ಮದವರೆಗೆ ಇಳಿಯಬೇಕು, ಚರ್ಮ ಹರಿಯಬಾರದು. ಹರಿದರೆ ತುಂಡು ಉದುರಿ ಬೆಂಕಿಗೆ ಬೀಳುತ್ತದೆ. ಗೀರು ಮೇಲೆಯೇ ನಿಂತರೆ ಬುಡ ಹಸಿಯಾಗಿ ಉಳಿದು ಹುಳಿ ವಾಸನೆ ಬರುತ್ತದೆ. ಮಾಂಸದ ದಪ್ಪ ಎರಡು ಪಟ್ಟಾದರೆ ಒಣಗುವ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಮಕ್ಕಳು ದಿನಗಟ್ಟಲೆ ಅಭ್ಯಾಸ ಮಾಡುವುದು ಈ ಒಂದು ಅಳತೆಗಾಗಿ.

ಬೆಂಕಿಯೂ ಸಣ್ಣದಿರಬೇಕು. ಉರಿ ಜಾಸ್ತಿಯಾದರೆ ಮಾಂಸ ಬೆಂದು ಚರ್ಮದಿಂದ ಕಳಚುತ್ತದೆ, ಇಲ್ಲವೇ ಹೊರಗೆ ಗಟ್ಟಿ ಪದರ ಕಟ್ಟಿ ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಕೊಳೆತು ಹಗುರಾದ ಪಾಪ್ಲರ್ ಅಥವಾ ವಿಲ್ಲೋ ಕಟ್ಟಿಗೆ ಸರಿ. ಸ್ಪ್ರೂಸ್‌ನಂಥ ರಾಳದ ಮರ ಹಾಕಿದರೆ ಮೀನು ಕಹಿ, ಮೇಲೆ ಮಸಿ.

ಒಣಗಿತೇ ಎಂದು ತಿಳಿಯಲು ತೂಕ ಹಾಕಿ: ಒಂದು ಕಿಲೋ ಹಸಿ ಮಾಂಸ 350 ಗ್ರಾಮಿನ ಆಸುಪಾಸಿಗೆ ಇಳಿಯಬೇಕು. ಅದಕ್ಕಿಂತ ಮೆತ್ತಗಿನ ಮೀನು ಹಲವರಿಗೆ ಇಷ್ಟ, ಆದರೆ ಅದರ ಜಾಗ ಫ್ರೀಜರ್. ನಮ್ಮ ಉಪ್ಪಿನಕಾಯಿಯ ರೂಢಿಯಂತೆ ಅರೆ ಒಣಗಿದ ಹೊಗೆಮೀನನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬೇಡಿ. ಗಾಳಿಯಾಡದ ಕಡೆ ಬೆಳೆದು ಮಾರಕ ವಿಷ ಉಂಟುಮಾಡುವ ಬಾಟ್ಯುಲಿಸಂ ಬ್ಯಾಕ್ಟೀರಿಯಾಕ್ಕೆ ಅದು ಹೇಳಿಮಾಡಿಸಿದ ಜಾಗ. ಅದರಲ್ಲಿ ಮೀನಿನಲ್ಲಿ ಕಾಣುವ ‘ಇ’ ಎಂಬ ಬಗೆ 4 ಡಿಗ್ರಿಯ ಫ್ರಿಜ್ಜಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ವಾಸನೆಯಿಂದ ಗೊತ್ತಾಗುತ್ತದೆ ಎಂದು ನಂಬಬೇಡಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಹಿಡಿಯಲು ಮೀನೇ ಇಲ್ಲದ ನದಿಯಲ್ಲಿ ಶಿಬಿರ ನಡೆಸುವುದು ಹೇಗೆ? ಗ್ವಿಚಿನ್ ಜನ ಮೀನು ಹಿಡಿಯುವ ಇನ್ನೊಂದು ನದಿ ಯೂಕಾನ್‌ನಲ್ಲಿ ಚಿನೂಕ್ ಎಂಬ ದೊಡ್ಡ ಸಾಲ್ಮನ್ ಮೀನಿನ ಸಂಖ್ಯೆ ಕುಸಿದಿದ್ದರಿಂದ 2024ರ ಏಪ್ರಿಲ್‌ನಲ್ಲಿ ಅಲಾಸ್ಕಾ ಮತ್ತು ಕೆನಡಾ ಏಳು ವರ್ಷ ಅದರ ಮೀನುಗಾರಿಕೆ ನಿಲ್ಲಿಸಲು ಒಪ್ಪಿದವು. ಆಗ ಎಂಟು ವರ್ಷವಿದ್ದ ಮಗು ಅದು ಮುಗಿಯುವ ಹೊತ್ತಿಗೆ ಹದಿಹರೆಯದಲ್ಲಿರುತ್ತದೆ. ಬೇರೆಡೆಯಿಂದ ತಂದ ಸಾಲ್ಮನ್ ಮೇಲೆ ಚಾಕು ಹಿಡಿಯುವುದನ್ನು ಕಲಿಸಬಹುದು. ಹರಿವು ತಿರುಗಿ ನಿಧಾನವಾಗುವ ಜಾಗ ಗುರುತಿಸುವುದು, ಬಲೆ ಇಳಿಸುವುದು, ಅದರ ಭಾರ ನೋಡಿ ಎತ್ತುವ ಹೊತ್ತು ತಿಳಿಯುವುದು ನೀರಿನ ಮೇಲೆಯೇ ಬರಬೇಕಾದ ವಿದ್ಯೆ. ಹಿಡಿಯಲು ಅನುಮತಿಯಿರುವ ಕಡೆ ವೈಟ್‌ಫಿಶ್ ಬಲೆ ಹಾಕಿಸಿ ಕಲಿಸುವುದೇ ಸದ್ಯಕ್ಕಿರುವ ದಾರಿ. ಆದರೆ ಚಿನೂಕ್ ಮಾಂಸ ದಪ್ಪ, ಕೊಬ್ಬೂ ಜಾಸ್ತಿ. ಅದನ್ನು ಉದ್ದ ಪಟ್ಟಿಗಳಾಗಿ ಕತ್ತರಿಸಿ ಉಪ್ಪುನೀರಿನಲ್ಲಿ ಅದ್ದುವ ಕ್ರಮವೇ ಬೇರೆ. ಅದನ್ನು ಬಲ್ಲ ಹಿರಿಯರ ಕೈಯಿಂದಲೇ ಅದನ್ನು ಕಲಿಯಬೇಕು.